ಮಗುವಿಗೆ ಮೊದಲ ಆಟ

ಕರಾವಳಿಯ ಮಗು ಕಣ್ಣೆದುರು ನೋಡುವ ಮೊದಲ ನೃತ್ಯನಾಟಕ ಹೆಚ್ಚಾಗಿ ಯಕ್ಷಗಾನವೇ. ಹಾಡು, ಕುಣಿತ, ವೇಷ, ಕತೆ ಒಂದೇ ರಂಗಸ್ಥಳದಲ್ಲಿ ಕೂಡಿಬರುವ ಈ ಕಲೆ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಸಿಗುತ್ತದೆ. ಕಾರ್ಕಳ ತಾಲೂಕಿನ ಕುಕ್ಕುಂದೂರಿನಂಥ ಊರಿನ ಸುತ್ತ, ಮೇಳಗಳು ತಿರುಗಾಟಕ್ಕೆ ಹೊರಟ ನವೆಂಬರಿನಿಂದ ಗೆಜ್ಜೆ ಬಿಚ್ಚುವ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ಯಾವುದಾದರೂ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಆಟ, ಅಂದರೆ ಯಕ್ಷಗಾನ ಬಯಲಾಟ, ಇದ್ದೇ ಇರುತ್ತದೆ. ಚಿಕ್ಕ ಮಗುವನ್ನು ಅಲ್ಲಿಗೆ ಯಾವಾಗ, ಹೇಗೆ ಕರೆದೊಯ್ಯಬೇಕು ಎಂಬುದನ್ನು ಇಲ್ಲಿ ಇಬ್ಬರು ಚರ್ಚಿಸುತ್ತಾರೆ. ಒಬ್ಬಳು ಶಿಶುವಿಹಾರದಲ್ಲಿ ಕಲಿಸುವ ತಾಯಿ. ಇನ್ನೊಬ್ಬರು ಊರಿನ ಸಂಘದಲ್ಲಿ ಬಹುಕಾಲ ಮದ್ದಳೆ ಬಾರಿಸಿದ, ಆಕೆಯ ದೊಡ್ಡಪ್ಪ.

ತಾಯಿ: ಮಗುವಿಗೆ ಎಷ್ಟು ವರ್ಷವಾದ ಮೇಲೆ ಆಟ ತೋರಿಸಬಹುದು ದೊಡ್ಡಪ್ಪ?

ದೊಡ್ಡಪ್ಪ: ಹಿಂದೆ ಈ ಲೆಕ್ಕ ಯಾರೂ ಹಾಕುತ್ತಿರಲಿಲ್ಲ. ಮನೆಮಂದಿಯೆಲ್ಲ ಚಾಪೆ ಸುತ್ತಿಕೊಂಡು ಹೊರಟರೆ ಮೊಲೆಕೂಸೂ ಜೊತೆಗೆ ಹೋಗುತ್ತಿತ್ತು. ಅಲ್ಲೇ ಮಡಿಲಲ್ಲಿ ನಿದ್ದೆ ಮಾಡಿ, ಬೆಳಿಗ್ಗೆ ಮನೆಗೆ ಬಂದ ಮೇಲೆ ಏಳುತ್ತಿತ್ತು. ಆಟಕ್ಕೆ ಹೋದದ್ದು ಹೌದು, ಆದರೆ ಆಟ ನೋಡಿತು ಅಂತ ಹೇಳಲಿಕ್ಕಾಗದು. ನೋಡಬೇಕಾದರೆ ಕಾಲು ಗಂಟೆಯಾದರೂ ಒಂದೇ ಕಡೆ ಕಣ್ಣು ನಿಲ್ಲಬೇಕು, ಕಂಡದ್ದನ್ನು ಮರುದಿನ ನೆನಪಿಟ್ಟು ಕೇಳಬೇಕು. ಹೆಚ್ಚಿನ ಮಕ್ಕಳಿಗೆ ಅದು ನಾಲ್ಕರ ಆಸುಪಾಸಿನಲ್ಲಿ ಬರುತ್ತದೆ.

ತಾಯಿ: ತರಗತಿಯಲ್ಲಿ ಕಾಣುವುದೂ ಹಾಗೆಯೇ. ಮೂರು ವರ್ಷದ ಮಗು ಪುಸ್ತಕದ ಒಂದು ಚಿತ್ರಕ್ಕೇ ಅಂಟಿಕೊಂಡು ಕೂರುತ್ತದೆ. ನಾಲ್ಕು ದಾಟಿದ್ದು ‘ಆಮೇಲೆ?’ ಅಂತ ಕೇಳುತ್ತದೆ. ಆದರೆ ಮೊದಲ ಸಲಕ್ಕೆ ಬಯಲಾಟವೇ ಯಾಕೆ? ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಶಿವರಾಮ ಕಾರಂತರು ರೂಪಿಸಿದ ಬ್ಯಾಲೆ ಉಂಟಲ್ಲ? ಸಭಾಂಗಣದ ಒಳಗೆ, ಕುರ್ಚಿಯಲ್ಲಿ ಕುಳಿತು ನೋಡಬಹುದು. ಎರಡು-ಮೂರು ಗಂಟೆಯಲ್ಲಿ ಮುಗಿಯುತ್ತದೆ, ಮಾತೂ ಇಲ್ಲ. ಹೊರದೇಶದಲ್ಲಿರುವ ನಮ್ಮವರು ಡಿಸೆಂಬರ್ ಬಂದರೆ ಮಕ್ಕಳನ್ನು ‘ನಟ್‌ಕ್ರ್ಯಾಕರ್’ ಬ್ಯಾಲೆಗೆ ಕರೆದುಕೊಂಡು ಹೋಗುತ್ತಾರೆ. ಚೈಕೋವ್‌ಸ್ಕಿ ಸಂಗೀತ ಕೊಟ್ಟ ಆ ಬ್ಯಾಲೆ 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲು ರಂಗಕ್ಕೆ ಬಂತು. ಈಗ ಹೊರದೇಶದ ಎಷ್ಟೋ ಮಕ್ಕಳಿಗೆ ಅದೇ ಮೊದಲ ಬ್ಯಾಲೆ. ನಮ್ಮಲ್ಲಿ ಆ ಜಾಗ ಕಾರಂತರ ಬ್ಯಾಲೆಗೆ ಸಲ್ಲಬಾರದೇ?

ದೊಡ್ಡಪ್ಪ: ಆ ಬ್ಯಾಲೆ ಹೇಗೆ ಹುಟ್ಟಿತು ಅಂತ ನೋಡಿದರೆ ನಿನ್ನ ಪ್ರಶ್ನೆಗೆ ದಾರಿ ಸಿಗುತ್ತದೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಸ್ವತಃ ಕುಣಿಯುತ್ತಿದ್ದವರು. ಊರೂರು ತಿರುಗಿ ಹಳೆಯ ಭಾಗವತರಿಂದ, ವೇಷಧಾರಿಗಳಿಂದ ಹಾಡಿನ ಮಟ್ಟು, ಹೆಜ್ಜೆ, ಉಡುಗೆಯ ಕ್ರಮ ಕೇಳಿ ಬರೆದುಕೊಂಡರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1970ರ ದಶಕದ ಆರಂಭದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಕು.ಶಿ. ಹರಿದಾಸ ಭಟ್ಟರ ಜೊತೆಗೂಡಿ ಯಕ್ಷಗಾನ ಕೇಂದ್ರ ಕಟ್ಟಿದರು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಆಟದಿಂದ ಅರ್ಥಗಾರಿಕೆಯನ್ನು, ಅಂದರೆ ವೇಷಧಾರಿಗಳ ಮಾತನ್ನು, ತೆಗೆದು, ಇಡೀ ರಾತ್ರಿಯ ಪ್ರಸಂಗವನ್ನು ಕೆಲವೇ ಗಂಟೆಗೆ ಇಳಿಸಿದರು. ಚೆಂಡೆ ಮದ್ದಳೆಯ ಜೊತೆ ವಯೊಲಿನ್, ಸ್ಯಾಕ್ಸೊಫೋನ್ ಸೇರಿಸಿದರು. ‘ಪಂಚವಟಿ’, ‘ನಳದಮಯಂತಿ’, ‘ಭೀಷ್ಮವಿಜಯ’ ಎಲ್ಲ ಹಾಗೆ ಬಂದವು. ಕತೆಯನ್ನು ಹಾಡು ಮತ್ತು ಕುಣಿತವೇ ಹೇಳಬೇಕು ಅನ್ನುವುದು ಅವರ ಹಠ.

ತಾಯಿ: ಮಕ್ಕಳ ವಿಷಯವೂ ಅವರಿಗೆ ಹೊಸತಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಆಡಿಸಿ, ಕುಣಿಸಿ ಕಲಿಸಲು ಹೊರಟವರು ಅವರು. ಮಕ್ಕಳಿಗೆಂದು ‘ಬಾಲಪ್ರಪಂಚ’ದ ಮೂರು ಸಂಪುಟ ಬರೆದದ್ದು 1936ರಷ್ಟು ಹಿಂದೆ. ಅಂದ ಮೇಲೆ ಅವರ ಬ್ಯಾಲೆ ಮಗುವಿಗೆ ಹೊಂದಬೇಕಲ್ಲ?

ದೊಡ್ಡಪ್ಪ: ಹೊಂದುತ್ತದೆ, ಆದರೆ ಏಳೆಂಟು ವರ್ಷಕ್ಕೆ. ಬ್ಯಾಲೆಯಲ್ಲಿ ಮಾತಿಲ್ಲದ್ದರಿಂದ ಕಣ್ಣು ಒಂದು ಕ್ಷಣವೂ ಆಚೀಚೆ ಹೋಗಬಾರದು. ಕೈ ಎತ್ತಿದ್ದು ಯಾಕೆ, ತಲೆ ತಗ್ಗಿಸಿದ್ದು ಯಾಕೆ ಅಂತ ನೋಡುವವನೇ ಕೂಡಿಸಿಕೊಂಡು ಹೋಗಬೇಕು. ಅದು ದೊಡ್ಡ ಕೆಲಸ. ಮೇಲಾಗಿ ಸಭಾಂಗಣದಲ್ಲಿ ದೀಪ ಆರಿಸಿದ ಮೇಲೆ ಮಗು ಮಾತಾಡಬಾರದು, ಏಳಬಾರದು, ಅಳಬಾರದು. ಪಕ್ಕದವರು ತಿರುಗಿ ನೋಡಿದರೆ ತಾಯಿಗೂ ಕೂರಲಿಕ್ಕಾಗುವುದಿಲ್ಲ. ಬಯಲಾಟದಲ್ಲಿ ಈ ಕಟ್ಟುಪಾಡು ಯಾವುದೂ ಇಲ್ಲ. ಮಗು ನಿಂತು ನೋಡುತ್ತದೆ, ಚಾಪೆಯ ಮೇಲೆ ಉರುಳುತ್ತದೆ, ಚರುಮುರಿ ಬೇಕೆಂದು ಎದ್ದು ಹೋಗಿ ಪುನಃ ಬಂದು ಕೂರುತ್ತದೆ. ಆಟ ಅದರ ಪಾಡಿಗೆ ಸಾಗುತ್ತಿರುತ್ತದೆ. ನಾಲ್ಕು ವರ್ಷದ ಮಗು ದೊಡ್ಡ ಕಲೆಯೊಂದನ್ನು ತನ್ನ ಲಯದಲ್ಲಿ ನೋಡಲಿಕ್ಕೆ ಬಯಲಿನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಅದಕ್ಕೇ ಮೊದಲು ಬಯಲಾಟ, ಆಮೇಲೆ ಬ್ಯಾಲೆ.

ತಾಯಿ: ರಾತ್ರಿಯಿಡೀ ಕೂರಿಸುವುದು ಹೇಗೆ? ಮೂರು-ನಾಲ್ಕು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ದೊಡ್ಡಪ್ಪ: ಇಡೀ ರಾತ್ರಿ ಕೂರಿಸುವ ಅಗತ್ಯವೇ ಈಗಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಬಾರದೆಂಬ 2000ದ ನಿಯಮದ ಒತ್ತಡ, ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಅನುಕೂಲ ಎರಡೂ ಸೇರಿ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ಸಂಜೆ ಆರೇಳಕ್ಕೆ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮಂಗಳ. ಇಡೀ ರಾತ್ರಿಯ ಆಟದ ಸೊಗಸು ಬೇರೆಯೇ, ಅದನ್ನು ಬಿಟ್ಟುಕೊಟ್ಟದ್ದರಲ್ಲಿ ದೊಡ್ಡವರಿಗೆ ನಷ್ಟ ಉಂಟು. ಆದರೆ ಮಗುವಿನ ಮಟ್ಟಿಗೆ ಕಾಲಮಿತಿ ವರವೇ ಆಯಿತು. ಮಧ್ಯಾಹ್ನ ಒಂದು ನಿದ್ದೆ ಮಾಡಿಸಿ, ಸಂಜೆ ಬೇಗ ಊಟ ಮಾಡಿಸಿ ಕರೆತಂದರೆ ಎರಡು ಗಂಟೆ ಲವಲವಿಕೆಯಿಂದ ಇರುತ್ತದೆ. ಮೊದಲ ಸಲಕ್ಕೆ ಅಷ್ಟು ಸಾಕು.

ತಾಯಿ: ಹಾಗಾದರೆ ಯಾವ ಎರಡು ಗಂಟೆ? ನೇರವಾಗಿ ಪ್ರಸಂಗದ ನಡುವಿಗೆ ಹೋದರೆ ಆಗುವುದಿಲ್ಲವೇ?

ದೊಡ್ಡಪ್ಪ: ಬೇಡ, ಆರಂಭಕ್ಕೇ ಹೋಗಬೇಕು. ಮೊದಲು ಕೇಳಿ ಬಡಿಯುತ್ತಾರೆ. ಇಂದು ಇಲ್ಲಿ ಆಟ ಉಂಟು ಅಂತ ಸುತ್ತಮುತ್ತ ಸಾರಲಿಕ್ಕೆ ಬಾರಿಸುವ ಚೆಂಡೆ ಮದ್ದಳೆ ಅದು. ದೂರದ ದಾರಿಯಲ್ಲಿ ಬರುವಾಗಲೇ ಅದು ಕಿವಿಗೆ ಬಿದ್ದರೆ ಸದ್ದಿನ ಅಭ್ಯಾಸ ಮೆಲ್ಲನೆ ಆಗುತ್ತದೆ. ಆಮೇಲೆ ಪೂರ್ವರಂಗ. ಕೋಡಂಗಿ ವೇಷದ ಹುಡುಗರು ಬರುತ್ತಾರೆ, ಬಾಲಗೋಪಾಲರು ಬರುತ್ತಾರೆ, ಸ್ತ್ರೀವೇಷಗಳು ಬರುತ್ತವೆ. ಹೊಸದಾಗಿ ಮೇಳ ಸೇರಿದ ಎಳೆಯರು ಹೆಜ್ಜೆ ಪಳಗಿಸಿಕೊಳ್ಳುವುದು ಇಲ್ಲಿಯೇ. ಎಷ್ಟೋ ದೊಡ್ಡ ಕಲಾವಿದರು ಕೋಡಂಗಿಯಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿದವರು. ದೊಡ್ಡವರು ಪೂರ್ವರಂಗ ಮುಗಿದ ಮೇಲೆ ಬರುವ ರೂಢಿ ಮಾಡಿಕೊಂಡಿದ್ದಾರೆ, ಅದು ಒಳ್ಳೆಯ ರೂಢಿಯಲ್ಲ. ಮಗುವಿಗಂತೂ ಪೂರ್ವರಂಗ ಹೇಳಿ ಮಾಡಿಸಿದ್ದು. ಕತೆ ಕಟ್ಟಿಕೊಳ್ಳುವ ಭಾರವಿಲ್ಲ, ಬರೀ ಬಣ್ಣ, ಹಾಡು, ಕುಣಿತ. ಹೆದರಿಸುವ ವೇಷವೂ ಇಲ್ಲ.

ತಾಯಿ: ಪ್ರಸಂಗ ಯಾವುದಿರಬೇಕು? ನಮ್ಮ ಕಡೆ ಹರಕೆಯ ಆಟ ಅಂದರೆ ಹೆಚ್ಚಾಗಿ ‘ದೇವಿ ಮಹಾತ್ಮೆ’. ಕಟೀಲು ಮೇಳದ ಆಟ ಆಡಿಸಲಿಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುತ್ತಾರೆ. ಮನೆ ಹತ್ತಿರ ಆಗುವುದೇ ಅದು.

ದೊಡ್ಡಪ್ಪ: ‘ದೇವಿ ಮಹಾತ್ಮೆ’ ಎರಡನೆಯ ವರ್ಷಕ್ಕಿರಲಿ. ಮೊದಲಿಗೆ ‘ಕೃಷ್ಣಲೀಲೆ’ಯಂಥದ್ದು ಸಿಕ್ಕಿದರೆ ಬಹಳ ಒಳ್ಳೆಯದು. ಅದರಲ್ಲಿ ನಾಯಕನೇ ಮಗು. ಬೆಣ್ಣೆ ಕದಿಯುತ್ತಾನೆ, ಅಮ್ಮನ ಕೈಗೆ ಸಿಕ್ಕಿ ಬೀಳುತ್ತಾನೆ. ಪೂತನಿ, ಶಕಟ, ಬಕ ಒಬ್ಬೊಬ್ಬರಾಗಿ ಬರುತ್ತಾರೆ, ಬಂದಷ್ಟೇ ಬೇಗ ಸೋಲುತ್ತಾರೆ. ಇದು ಮುಖ್ಯ. ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ಬರುವ ಹೊತ್ತಿಗೂ ದೇವಿ ಅವನನ್ನು ಕೊಲ್ಲುವ ಹೊತ್ತಿಗೂ ನಡುವೆ ಬಹಳ ಸಮಯ ಹೋಗುತ್ತದೆ. ನಡುವಿನಲ್ಲಿ ಮಗು ನಿದ್ದೆ ಹೋದರೆ, ಇಲ್ಲವೇ ನೀವು ಎದ್ದು ಮನೆಗೆ ಬಂದರೆ, ಅದರ ಮನಸ್ಸಿನಲ್ಲಿ ಗೆದ್ದವನು ಮಹಿಷಾಸುರನೇ. ಸೋತದ್ದನ್ನು ಅದು ನೋಡಿಯೇ ಇರುವುದಿಲ್ಲ. ರಾಕ್ಷಸ ಬಂದದ್ದನ್ನು ನೋಡಿದ ಮಗು ರಾಕ್ಷಸ ಬಿದ್ದದ್ದನ್ನೂ ನೋಡಿಯೇ ಏಳಬೇಕು.

ತಾಯಿ: ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ಮಗುವಿಗೆ ಅರ್ಥಗಾರಿಕೆಯ ಕನ್ನಡ ತಿಳಿಯುವುದಾದರೂ ಹೇಗೆ? ಆಡುಮಾತಿನಲ್ಲಿ ಇಲ್ಲದ ಶಬ್ದಗಳೇ ಹೆಚ್ಚು.

ದೊಡ್ಡಪ್ಪ: ಪದ್ಯ ಕವಿಯದ್ದು, ಅದರ ಮೇಲಿನ ಮಾತು ವೇಷಧಾರಿ ಆ ಕ್ಷಣಕ್ಕೆ ಕಟ್ಟುವಂಥದ್ದು. ಅದರ ರುಚಿ ಹತ್ತಲಿಕ್ಕೆ ದೊಡ್ಡವರಿಗೇ ವರ್ಷಗಳು ಬೇಕು. ಮಗು ಅದನ್ನು ಬಿಟ್ಟುಬಿಡುತ್ತದೆ, ಬಿಡಲಿ. ಸ್ವರ ಏರಿದರೆ ಸಿಟ್ಟು, ಇಳಿದರೆ ದುಃಖ ಅನ್ನುವುದು ಯಾವ ಭಾಷೆಯ ಮಗುವಿಗೂ ಗೊತ್ತು. ಹಾಸ್ಯಗಾರ ರಂಗಕ್ಕೆ ಬಂದರೆ ಭಾಷೆಯ ಪ್ರಶ್ನೆಯೇ ಬರುವುದಿಲ್ಲ. ತುಳುವಿನಲ್ಲೇ ಮಾತು ಬೇಕಾದರೆ ‘ಕೋಟಿ ಚೆನ್ನಯ’ದಂಥ ತುಳು ಪ್ರಸಂಗಗಳು ಧಾರಾಳ ಉಂಟು.

ತಾಯಿ: ಆದರೂ ಕತೆ ಮೊದಲೇ ಹೇಳಿರಬೇಕು. ಇಡೀ ಪುರಾಣ ಬೇಡ. ಯಾರು, ಯಾರ ಜೊತೆ, ಯಾಕೆ ಜಗಳ, ಇಷ್ಟು ಸಾಕು. ಕೊನೆಗೆ ಏನಾಗುತ್ತದೆ ಅನ್ನುವುದನ್ನೂ ಹೇಳಿಬಿಡಬೇಕು. ಕೊನೆ ಗೊತ್ತಿದ್ದರೆ ಕುತೂಹಲ ಹೋಗುತ್ತದೆ ಅಂತ ದೊಡ್ಡವರು ಎಣಿಸುತ್ತಾರೆ. ಮಕ್ಕಳು ಹಾಗಲ್ಲ, ಗೊತ್ತಿದ್ದ ಕತೆಯನ್ನೇ ದಿನವೂ ಹೇಳು ಅನ್ನುತ್ತಾರೆ. ಕೃಷ್ಣ ಗೆಲ್ಲುತ್ತಾನೆ ಅಂತ ಗೊತ್ತಿದ್ದ ಮಗು ಬಕಾಸುರನನ್ನು ಧೈರ್ಯದಿಂದ ನೋಡುತ್ತದೆ.

ದೊಡ್ಡಪ್ಪ: ಅದು ಸರಿ. ಮತ್ತೊಂದು ಮಾತು. ಊಟ ಮಾಡದಿದ್ದರೆ ಬಣ್ಣದ ವೇಷ, ಅಂದರೆ ರಾಕ್ಷಸ ವೇಷ, ಬಂದು ಹಿಡಿದುಕೊಂಡು ಹೋಗುತ್ತದೆ ಅಂತ ಮಕ್ಕಳನ್ನು ಹೆದರಿಸುವ ಅಭ್ಯಾಸ ಕೆಲವು ಮನೆಗಳಲ್ಲಿ ಉಂಟು. ಅಂಥ ಮನೆಯ ಮಗುವಿಗೆ ಆಟವೇ ಶಿಕ್ಷೆಯಾಗುತ್ತದೆ. ಆ ಮಾತನ್ನು ಮನೆಯೊಳಗೆ ಬಿಡಲೇಬಾರದು.

ತಾಯಿ: ಹೆದರಿಕೆಯ ವಿಷಯವೇ ನನಗೆ ದೊಡ್ಡದಾಗಿ ಕಾಣುವುದು. ರೀಟಾ ಡಿವ್ರೀಸ್ ಎಂಬ ಮನಶ್ಶಾಸ್ತ್ರಜ್ಞೆ 1969ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಉಂಟು. ಮೂರರಿಂದ ಆರು ವರ್ಷದ ಮಕ್ಕಳಿಗೆ ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ತೋರಿಸಿ, ಮುಟ್ಟಿಸಿ, ಆಮೇಲೆ ಅದರ ಮುಖಕ್ಕೆ ನಾಯಿಯ ಮುಖವಾಡ ತೊಡಿಸಿದರು. ತೊಡಿಸುವಾಗ ಬೆಕ್ಕಿನ ತಲೆ ಮಾತ್ರ ಮರೆಯಲ್ಲಿತ್ತು, ಬಾಲದ ಕಡೆಯ ಮೈ ಮಕ್ಕಳಿಗೆ ಕಾಣುತ್ತಲೇ ಇತ್ತು. ಆದರೂ ಮೂರು ವರ್ಷದವರಲ್ಲಿ ಹಲವರು ಬೆಕ್ಕು ನಾಯಿಯಾಗಿಬಿಟ್ಟಿತು ಎಂದು ನಂಬಿದರು. ಕೆಲವರು ಹತ್ತಿರ ಹೋಗಲಿಕ್ಕೇ ಒಪ್ಪಲಿಲ್ಲ. ಆರು ವರ್ಷದ ಆಸುಪಾಸಿನವರು ಮಾತ್ರ, ಇದು ಬೆಕ್ಕೇ, ಮುಖವಾಡ ಹಾಕಿದ್ದಾರೆ ಎಂದರು. ಅಂದರೆ ಚಿಕ್ಕ ಮಗುವಿಗೆ ವೇಷ ಅನ್ನುವುದು ಮೇಲಿನ ಹೊದಿಕೆಯಲ್ಲ. ಮುಖ ಬದಲಾದರೆ ಮನುಷ್ಯನೇ ಬದಲಾದ ಹಾಗೆ.

ದೊಡ್ಡಪ್ಪ: ಅದಕ್ಕೆ ನಮ್ಮಲ್ಲಿ ಮದ್ದು ಉಂಟು. ಚೌಕಿ! ರಂಗಸ್ಥಳದ ಹಿಂದೆ ವೇಷ ಮಾಡಿಕೊಳ್ಳುವ ಆ ಜಾಗ ಬಯಲಾಟದಲ್ಲಿ ಎಲ್ಲರಿಗೂ ತೆರೆದಿರುತ್ತದೆ. ಅಲ್ಲಿ ದೇವರಿಗೆ ಪೂಜೆ ಆಗಿರುತ್ತದೆ, ಆದ್ದರಿಂದ ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು ಒಳಗೆ ಹೋಗಬೇಕು. ವೇಷಧಾರಿಗಳು ಸಾಲಾಗಿ ತಮ್ಮ ತಮ್ಮ ಪೆಟ್ಟಿಗೆಯ ಎದುರು ಕುಳಿತಿರುತ್ತಾರೆ. ಬಣ್ಣದ ವೇಷದವರ ಎದುರು ಮಗುವನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಸಪುರ ಕಡ್ಡಿ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಹುಬ್ಬಿನ ಮೇಲೆ, ಕೆನ್ನೆಯ ಅಂಚಿಗೆ ಬೊಟ್ಟು ಬೊಟ್ಟಾಗಿ ಇಡುತ್ತಾ ಹೋಗುತ್ತಾರೆ. ಕಡ್ಡಿ ಎತ್ತುವಾಗ ಹಿಟ್ಟು ಎಳೆದು ಬಂದು ಮುಳ್ಳಿನ ಹಾಗೆ ನಿಲ್ಲುತ್ತದೆ. ಇದೇ ಚುಟ್ಟಿ. ಒಂದು ಮುಳ್ಳು ಒಣಗಿದ ಮೇಲೆ ಅದರ ಮೇಲೆ ಮತ್ತೊಂದು. ಗಂಟೆಗಟ್ಟಲೆಯ ಕೆಲಸ. ಕೆಂಪು, ಕಪ್ಪು, ಬಿಳಿ ಹರಡಿದ ಮುಖದಲ್ಲಿ ಇನ್ನೂ ಬಣ್ಣ ತಾಗದ ಕಿವಿ, ಕುತ್ತಿಗೆ ಮನುಷ್ಯರದ್ದಾಗಿಯೇ ಕಾಣುತ್ತಿರುತ್ತವೆ. ಅವರು ನಡುವೆ ಚಹಾ ಕುಡಿಯುತ್ತಾರೆ, ಪಕ್ಕದವರ ಜೊತೆ ಊರಿನ ಸುದ್ದಿ ಮಾತಾಡುತ್ತಾರೆ, ಮಗುವಿನ ಹೆಸರು ಕೇಳುತ್ತಾರೆ. ಆ ಮುಖದೊಳಗೆ ಮಾತಾಡುವ ಒಬ್ಬ ಮಾಮ ಇದ್ದಾನೆ ಅನ್ನುವುದು ಮಗುವಿಗೆ ಗೊತ್ತಾಗಬೇಕು.

ತಾಯಿ: ಹಾಗೆ ಎಲ್ಲವನ್ನೂ ಬಿಚ್ಚಿ ತೋರಿಸಿದರೆ ಆಟದ ಬೆರಗು ಹೋಗುವುದಿಲ್ಲವೇ?

ದೊಡ್ಡಪ್ಪ: ಹೋಗುವುದಿಲ್ಲ. ಐವತ್ತು ವರ್ಷ ಚೌಕಿ ನೋಡಿದವರಿಗೂ ಹೋಗಿಲ್ಲ. ಚೌಕಿಯಲ್ಲಿ ಕಂಡ ಮಾಮನೇ ಕೇಸರಿತಟ್ಟಿ ಕಿರೀಟ ಇಟ್ಟು, ತೆರೆಯ ಹಿಂದಿನಿಂದ ಆರ್ಭಟ ಕೊಟ್ಟಾಗ ಎಲ್ಲ ಮರೆತುಹೋಗುತ್ತದೆ. ಮಗು ಹೆದರುತ್ತದೆ, ಹೆದರಲಿ. ಹೆದರಿಕೆ ಪೂರಾ ಇಲ್ಲದಿದ್ದರೆ ಅದು ಆಟವೇ ಅಲ್ಲ. ಆದರೆ ಹಿಡಿದುಕೊಳ್ಳಲಿಕ್ಕೆ ಒಂದು ಎಳೆ ಅದರ ಕೈಯಲ್ಲಿ ಇರುತ್ತದೆ. ಕಣ್ಣು ಮುಚ್ಚಿಕೊಂಡು ‘ಅದು ಆ ಮಾಮ ಅಲ್ವಾ?’ ಅಂತ ಕೇಳುತ್ತದೆ. ಹೌದು ಅಂದರೆ ಬೆರಳ ಸಂದಿಯಿಂದ ಪುನಃ ನೋಡುತ್ತದೆ.

ತಾಯಿ: ಆಗ ನಗಬಾರದು. ಇಷ್ಟಕ್ಕೆಲ್ಲ ಹೆದರುತ್ತೀಯಾ ಅನ್ನಲೂಬಾರದು. ಮುಖ ತಿರುಗಿಸಿ ಎದೆಗೊರಗಿದರೆ ಹಾಗೆಯೇ ಹಿಡಿದುಕೊಂಡು, ಈಗ ಏನಾಗುತ್ತಿದೆ ಅಂತ ಕಿವಿಯ ಹತ್ತಿರ ಮೆಲ್ಲಗೆ ಹೇಳುತ್ತಿರಬೇಕು. ನೋಡು ನೋಡು ಅಂತ ಗಲ್ಲ ಹಿಡಿದು ತಿರುಗಿಸುವುದು ತಪ್ಪು. ಮೈ ಸೆಟೆದು, ಅಳು ನಿಲ್ಲದಿದ್ದರೆ ಎತ್ತಿಕೊಂಡು ದೂರ ಹೋಗಬೇಕು. ಸಂತೆಯ ಅಂಗಡಿಯ ಹತ್ತಿರ ನಿಂತು ಅಲ್ಲಿಂದ ನೋಡಬಹುದು. ದೂರದಿಂದ ವೇಷ ಚಿಕ್ಕದಾಗಿ ಕಾಣುತ್ತದೆ, ಹೆದರಿಕೆಯೂ ಚಿಕ್ಕದಾಗುತ್ತದೆ.

ದೊಡ್ಡಪ್ಪ: ‘ದೇವಿ ಮಹಾತ್ಮೆ’ಗೇ ಹೋಗುವುದಾದರೆ ಕೂರುವ ಜಾಗದ ಬಗ್ಗೆ ಇನ್ನೂ ಎಚ್ಚರ ಬೇಕು. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಸಭೆಯ ಹಿಂದೆ ಎಲ್ಲೋ ಕತ್ತಲಲ್ಲಿ ಆರ್ಭಟ ಕೇಳುತ್ತದೆ. ದೊಂದಿ ಹಿಡಿದವರು ಸುತ್ತ ನಿಲ್ಲುತ್ತಾರೆ, ರಾಳದ ಹುಡಿ ಎರಚಿದಾಗ ಬೆಂಕಿ ಭುಗಿಲೆಂದು ಮೇಲೇಳುತ್ತದೆ, ಆ ಬೆಳಕಿನಲ್ಲಿ ಎರಡು ಕೊಂಬು ಕಾಣುತ್ತವೆ. ಜನ ಎದ್ದು ದಾರಿ ಬಿಡುತ್ತಾರೆ, ಆತ ಅವರ ನಡುವಿನಿಂದಲೇ ಅಬ್ಬರಿಸುತ್ತಾ ರಂಗಸ್ಥಳಕ್ಕೆ ಹೋಗುತ್ತಾನೆ. ನಮ್ಮ ತೆಂಕುತಿಟ್ಟಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, ಇದಕ್ಕೆ ಸಮನಾದ ಪ್ರವೇಶ ಕಡಿಮೆ. ಆದರೆ ಹಿಂದಿನಿಂದ ಬರುವುದು ಮಗುವಿಗೆ ಗೊತ್ತಿರಬೇಕು. ಯಾವ ಕಡೆಯಿಂದ ಬರುತ್ತಾನೆ ಅಂತ ಆಟ ಆಡಿಸುವವರ ಹತ್ತಿರ ಮೊದಲೇ ಕೇಳಿಕೊಂಡು, ಆ ದಾರಿಯಿಂದ ದೂರ, ಬದಿಯಲ್ಲಿ ಕೂರಬೇಕು. ಬೆಂಕಿಯ ಹತ್ತಿರವಂತೂ ಕೂರಲೇಬಾರದು. ಮಿಯಾರಿನ ಕಂಬಳದಲ್ಲಿ ಕೋಣ ನೋಡಿದ ಮಗುವಾದರೆ, ಕೋಣದ ಕೊಂಬಿನವನು ಓಡಿ ಬರುತ್ತಾನೆ ಅಂತ ಹೇಳಿದರೆ ಸಾಕು, ಕಾಯುತ್ತಾ ಕೂರುತ್ತದೆ.

ತಾಯಿ: ಸದ್ದಿನ ಕತೆ? ತೆಂಕಿನ ಚೆಂಡೆಯ ಪೆಟ್ಟು ದೊಡ್ಡದು. ಮೇಲಿಂದ ಧ್ವನಿವರ್ಧಕ.

ದೊಡ್ಡಪ್ಪ: ಚೆಂಡೆ ಬರೀ ಕಿವಿಗೆ ಕೇಳುವಷ್ಟು ದೂರದಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ರಂಗಸ್ಥಳದ ಎರಡೂ ಬದಿಗೆ ನಿಲ್ಲಿಸುವ ಸ್ಪೀಕರ್ ಪೆಟ್ಟಿಗೆಗಳಲ್ಲಿ. ಮಕ್ಕಳನ್ನು ಮುಂದಿನ ಚಾಪೆಯಲ್ಲಿ ಕೂರಿಸುವ ರೂಢಿ ಉಂಟು. ಕೆಲವೊಮ್ಮೆ ಆ ಪೆಟ್ಟಿಗೆಯ ಬಾಯಿ ನೇರ ಅವರ ಕಿವಿಗೇ ಇರುತ್ತದೆ.

ತಾಯಿ: ದೊಡ್ಡವರಿಗೆ ವಾರಕ್ಕೆ ನಲವತ್ತು ಗಂಟೆ 80 ಡೆಸಿಬೆಲ್‌ವರೆಗೆ ಕೇಳಿದರೆ ಅಪಾಯವಿಲ್ಲ, ಮಕ್ಕಳಿಗೆ ಆ ಮಿತಿ 75 ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸದ್ದು ಏರಿದಂತೆ ಕೇಳಬಹುದಾದ ಹೊತ್ತು ಬಹಳ ಬೇಗ ಕಡಿಮೆಯಾಗುತ್ತದೆ. ಪಕ್ಕದವರ ಜೊತೆ ಮಾತಾಡಲು ಕಿರುಚಬೇಕಾದರೆ ಆ ಜಾಗ ಮಗುವಿಗೆ ಹೇಳಿದ್ದಲ್ಲ ಅಂತ ತಿಳಿಯಬೇಕು. ಕಿವಿಗೆ ಹತ್ತಿ ತುರುಕುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಮಕ್ಕಳ ಅಳತೆಯ ಇಯರ್‌ಮಫ್ ಸಿಗುತ್ತದೆ, ಅದು ಒಳ್ಳೆಯದು. ಇಲ್ಲದಿದ್ದರೆ ನಡುವಿನ ಸಾಲಿಗೆ ಸರಿಯಬೇಕು. ಅಲ್ಲಿ ಮಡಿಲಲ್ಲಿ ನಿಲ್ಲಿಸಿದರೆ ಮಗುವಿಗೆ ರಂಗಸ್ಥಳ ಪೂರ್ತಿ ಕಾಣುತ್ತದೆ.

ದೊಡ್ಡಪ್ಪ: ಚಳಿಯನ್ನೂ ಮರೆಯಬಾರದು. ಡಿಸೆಂಬರ್, ಜನವರಿಯಲ್ಲಿ ಒಂಬತ್ತು ಗಂಟೆಯ ಮೇಲೆ ಗದ್ದೆಯಲ್ಲಿ ಮಂಜು ಬೀಳುತ್ತದೆ. ಕಿವಿ ಮುಚ್ಚುವ ಟೊಪ್ಪಿ, ಶಾಲು, ಚಾಪೆ, ಕುಡಿಯುವ ನೀರು ಬೇಕು.

ತಾಯಿ: ರಂಗದ ಮೇಲೆ ಸಾವು ಕಾಣುತ್ತದಲ್ಲ, ಅದಕ್ಕೆ ಮಗು ಏನು ಕೇಳಬಹುದು ಅಂತಲೂ ಯೋಚಿಸಬೇಕಾಗುತ್ತದೆ.

ದೊಡ್ಡಪ್ಪ: ಯಕ್ಷಗಾನದಲ್ಲಿ ಸಾವು ರಕ್ತದಿಂದ ಬರುವುದಿಲ್ಲ. ಯುದ್ಧ ಅಂದರೆ ಎರಡು ವೇಷ ಎದುರುಬದುರು ಕುಣಿಯುವುದು, ಗಾಳಿಯಲ್ಲಿ ಸುತ್ತಿ ಹಾರುವ ಧಿಗಿಣ ಹೊಡೆಯುವುದು. ಸೋತವನು ಬೀಳುತ್ತಾನೆ, ಸ್ವಲ್ಪ ಹೊತ್ತಿನ ಮೇಲೆ ಎದ್ದು ಚೌಕಿಗೆ ಹೋಗುತ್ತಾನೆ. ಸತ್ತವನು ಎದ್ದು ಹೋದನಲ್ಲ ಅಂತ ಮಗು ಕೇಳಿದರೆ ತೇಲಿಸಬಾರದು. ಕತೆಯಲ್ಲಿ ಬಕ ಸತ್ತ, ವೇಷ ಹಾಕಿದ ಮಾಮನ ಕೆಲಸ ಮುಗಿಯಿತು, ಅದಕ್ಕೆ ಎದ್ದು ಹೋದರು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಯಶೋದೆ ಗಂಡಸಾ ಅಂತ ಕೇಳಿದರೂ ಹಾಗೆಯೇ. ಹೌದು, ಮೇಳದಲ್ಲಿ ಸ್ತ್ರೀವೇಷವನ್ನು ಹೆಚ್ಚಾಗಿ ಗಂಡಸರೇ ಮಾಡುತ್ತಾ ಬಂದಿದ್ದಾರೆ, ಈಗ ಹೆಂಗಸರೂ ವೇಷ ಹಾಕುತ್ತಾರೆ ಅಂತ ಹೇಳಿದರೆ ಮಗು ಅಲ್ಲಿಗೆ ಬಿಡುತ್ತದೆ. ಹೊರಡುವ ಮೊದಲು ಅನುಕೂಲವಾದರೆ ಇನ್ನೊಮ್ಮೆ ಚೌಕಿಗೆ ಹೋಗಬಹುದು. ಪೂತನಿಯೋ ಬಕನೋ ಕಿರೀಟ ಇಳಿಸಿ, ಬೈರಾಸಿಗೆ ತೆಂಗಿನೆಣ್ಣೆ ಸುರಿದು ಮುಖ ಒರೆಸುತ್ತಿರುತ್ತಾರೆ. ಕೆಂಪು, ಕಪ್ಪು ಕಲಸಿ ಬಟ್ಟೆಗೆ ಬರುತ್ತದೆ, ಒಳಗಿನಿಂದ ಸಂಜೆ ಕಂಡ ಮುಖ ಹೊರಗೆ ಬರುತ್ತದೆ. ನೀನು ಹೇಳಿದ ಬೆಕ್ಕಿನ ಪ್ರಯೋಗಕ್ಕೆ ನಮ್ಮ ಕಡೆಯ ಉತ್ತರ ಇದು. ಮುಖವಾಡ ಹಾಕುವುದನ್ನೂ ತೆಗೆಯುವುದನ್ನೂ ಮಗುವಿನ ಕಣ್ಣೆದುರೇ ಮಾಡಿ ತೋರಿಸುವುದು.

ತಾಯಿ: ಹೊರಡುವುದು ಯಾವಾಗ?

ದೊಡ್ಡಪ್ಪ: ಮಂಗಳದವರೆಗೆ ಕೂರಬೇಕೆಂಬ ಹಠ ದೊಡ್ಡವರಿಗೆ ಸರಿ. ಮಗುವಿನ ಜೊತೆ ಹೋದಾಗ ಒಂದು ಕಥಾಭಾಗ ಮುಗಿದ ಹೊತ್ತು ನೋಡಿ ಏಳಬೇಕು, ಅದೂ ಮಗುವಿಗೆ ಸುಸ್ತಾಗುವ ಮೊದಲೇ. ಇನ್ನೂ ನೋಡಬೇಕು ಅಂತ ರಗಳೆ ಮಾಡುವಾಗ ಎಬ್ಬಿಸಿಕೊಂಡು ಬಂದರೆ ಮುಂದಿನ ಆಟಕ್ಕೆ ಅದೇ ನಿಮ್ಮನ್ನು ಹೊರಡಿಸುತ್ತದೆ. ಆ ಎರಡು ಗಂಟೆ ಮೊಬೈಲ್ ಕಿಸೆಯಲ್ಲಿರಲಿ. ಅಮ್ಮ ಪರದೆ ನೋಡುತ್ತಿದ್ದರೆ ಮಗುವೂ ಪರದೆಯನ್ನೇ ನೋಡುತ್ತದೆ.

ತಾಯಿ: ಎಷ್ಟು ಜಾಗ್ರತೆ ಮಾಡಿದರೂ ಕೆಲವು ಮಕ್ಕಳು ಬಣ್ಣದ ವೇಷ ಕಂಡರೆ ತಡೆಯುವುದೇ ಇಲ್ಲ. ಅಂಥವರಿಗೆ ಬೇರೆ ದಾರಿ?

ದೊಡ್ಡಪ್ಪ: ಗೊಂಬೆಯಾಟ. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ತಲೆಮಾರುಗಳಿಂದ ಯಕ್ಷಗಾನ ಗೊಂಬೆಯಾಟ ನಡೆಸಿಕೊಂಡು ಬಂದಿದ್ದಾರೆ. ಕೊಗ್ಗ ಕಾಮತರು ಅದನ್ನು ದೇಶದ ಹೊರಗೂ ಒಯ್ದವರು. ಸೂತ್ರದ ಗೊಂಬೆಗಳಿಗೆ ಬಡಗಿನ ವೇಷ, ಹಿಂದೆ ಅದೇ ಹಿಮ್ಮೇಳ. ರಾಕ್ಷಸ ಮಗುವಿಗಿಂತ ಚಿಕ್ಕವನಾದ ಕಾರಣ ಹೆದರಿಕೆ ಬರುವುದಿಲ್ಲ. ಅಲ್ಲಿ ಹಾಡಿಗೆ, ವೇಷಕ್ಕೆ ಕಣ್ಣು ಕಿವಿ ಪಳಗಿದ ಮೇಲೆ ಒಂದು ವರ್ಷ ಬಿಟ್ಟು ಬಯಲಾಟಕ್ಕೆ ಬರಬಹುದು.

ತಾಯಿ: ನೋಡಿ ಬಂದ ಮೇಲೆ ಮನೆಯಲ್ಲಿ ಆಟ ಶುರುವಾಗುತ್ತದೆ. ಅಡಿಕೆಯ ಹಾಳೆ ಕಿರೀಟ, ಸೀರೆ ತೆರೆ, ಪಾತ್ರೆಯ ಮುಚ್ಚಳ ಜಾಗಟೆ. ಮಗು ಹೆಚ್ಚಾಗಿ ಹಾಕುವುದು ತಾನು ಹೆದರಿದ ವೇಷವನ್ನೇ. ಮೊದಲ ದಿನ ಕಣ್ಣು ಮುಚ್ಚಿಕೊಂಡದ್ದೇ ಮರುದಿನ ಅಜ್ಜಿಯನ್ನು ಹೆದರಿಸಲು ಹೊರಡುತ್ತದೆ. ಅದನ್ನು ತಡೆಯಬಾರದು, ಸರಿಯಾಗಿ ಕುಣಿ ಅಂತ ತಿದ್ದಲೂಬಾರದು. ನೋಡಿದ್ದು ಅರಗುವುದೇ ಆ ಆಟದಲ್ಲಿ. ಆದರೆ ಅದನ್ನು ನೋಡಿದ ಕೂಡಲೇ ತರಗತಿಗೆ ಸೇರಿಸಬೇಕು ಅಂತ ಮನೆಯವರಿಗೆ ತೋರುತ್ತದೆ.

ದೊಡ್ಡಪ್ಪ: ಅವಸರ ಬೇಡ. ತಾಳಕ್ಕೆ ಹೆಜ್ಜೆ ಕೂಡಲಿಕ್ಕೆ, ಗುರುಗಳು ಹೇಳಿದ್ದನ್ನು ಹಿಡಿದು ನಿಲ್ಲಲಿಕ್ಕೆ ಎಂಟು ವರ್ಷವಾದರೂ ಆಗಬೇಕು. ಆಮೇಲೆ ದಾರಿ ಬೇಕಾದಷ್ಟು ಉಂಟು. ಮಕ್ಕಳಿಂದಲೇ ಪೂರ್ಣ ಪ್ರಸಂಗ ಆಡಿಸಬಹುದು ಅಂತ ಸಾಲಿಗ್ರಾಮದ ಮಕ್ಕಳ ಮೇಳ 1975ರಲ್ಲೇ ಶುರುವಾಯಿತು. ಕಾರ್ಕಡ ಶ್ರೀನಿವಾಸ ಉಡುಪರು, ಎಚ್. ಶ್ರೀಧರ ಹಂದೆಯವರು ಅದನ್ನು ಕಟ್ಟಿದವರು. ಈಗ ಉಡುಪಿಯ ಹಲವು ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮೂಲಕ ಹುಡುಗ ಹುಡುಗಿಯರು ಕಲಿತು ವರ್ಷಕ್ಕೊಮ್ಮೆ ರಂಗಕ್ಕೆ ಬರುತ್ತಾರೆ. ತನ್ನಷ್ಟೇ ಎತ್ತರದವರು ವೇಷ ಹಾಕಿದ್ದನ್ನು ನೋಡಲಿಕ್ಕೆ ಕರೆದುಕೊಂಡು ಹೋಗಲಿಕ್ಕೂ ಅದು ಒಳ್ಳೆಯ ಸಂದರ್ಭ.

ತಾಯಿ: ಮತ್ತೆ ಬ್ಯಾಲೆ?

ದೊಡ್ಡಪ್ಪ: ಮೂರು ನಾಲ್ಕು ವರ್ಷ ಬಯಲಾಟ ನೋಡಿದ ಮಗು ಎರಡನೆಯ, ಮೂರನೆಯ ತರಗತಿಗೆ ಬರುವ ಹೊತ್ತಿಗೆ ಉಡುಪಿಗೆ ಕರೆದುಕೊಂಡು ಹೋಗು. ಆಗ ಅದಕ್ಕೆ ತೆಂಕಿನ ಕಿರೀಟ ಬೇರೆ, ಬಡಗಿನ ಮುಂಡಾಸು ಬೇರೆ ಅನ್ನುವುದು ತಾನಾಗಿ ಕಾಣುತ್ತದೆ. ನಮ್ಮಲ್ಲಿ ಧಿಗಿಣ ಹೊಡೆಯುವ ಕಡೆ ಬಡಗಿನವರು ಮಂಡಿ ಹಾಕಿ ತಿರುಗುತ್ತಾರೆ ಅನ್ನುವುದೂ ಕಾಣುತ್ತದೆ. ಮಾತಿಲ್ಲದ ರಂಗದಲ್ಲಿ ರಾಮ ಸೀತೆಯನ್ನು ಹುಡುಕುವಾಗ ವಯೊಲಿನ್ ಏನು ಹೇಳುತ್ತದೆ ಅಂತ ಕೇಳುವಷ್ಟು ತಾಳ್ಮೆಯೂ ಬಂದಿರುತ್ತದೆ. ಹೋಗುವ ಮುಂಚೆ ‘ಪಂಚವಟಿ’ಯೋ ‘ನಳದಮಯಂತಿ’ಯೋ, ಕತೆ ಒಮ್ಮೆ ಹೇಳಿರಬೇಕು. ಮೇಳದ ಆಟದ ಹಾಗೆ ಬ್ಯಾಲೆ ದಿನವೂ ಇರುವುದಿಲ್ಲ, ಇಂದ್ರಾಳಿಯ ಯಕ್ಷಗಾನ ಕೇಂದ್ರದಲ್ಲಿ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಬೇಕು. ಮುಗಿಯುವ ಹೊತ್ತಿಗೆ ಕಾರ್ಕಳಕ್ಕೆ ಬಸ್ಸು ಸಿಗುತ್ತದೋ ಇಲ್ಲವೋ ಅಂತಲೂ ಮೊದಲೇ ನೋಡಿಕೊಳ್ಳಬೇಕು.